ತಾಳೆ ತೋಟಕ್ಕೆ ಹುಳ ತಂದು ಬಿಡುವ ಸರ್ವಿಸ್: ಕಾರಟಗಿ ಕಡೆಯಿಂದ ಒಂದು ರಿವ್ಯೂ

ಐದಕ್ಕೆ ಮೂರು ಸ್ಟಾರ್. ಹುಳಕ್ಕೆ ಮಾತ್ರ ಕೇಳಿದರೆ ಐದಕ್ಕೆ ಐದೂ ಕೊಡುತ್ತೇನೆ. ಎರಡು ಕಡಿಮೆ ಆಗಿದ್ದು ಅದನ್ನು ತಂದುಕೊಡುವವರ ಕೈಗುಣ.

ಇದೇನು ಸರ್ವಿಸ್ ಅಂತ ಮೊದಲು ಹೇಳಿಬಿಡುತ್ತೇನೆ, ತಾಳೆ ಹಾಕದವರಿಗೆ ಇದು ತಮಾಷೆ ಅನಿಸಬಹುದು. ಎಣ್ಣೆ ತಾಳೆಯ ಎಳೆ ತೋಟ ಹೂ ಬಿಡಲು ಶುರು ಮಾಡಿದಾಗ, ಬೇರೆ ಯಾರದೋ ಹಳೆ ತೋಟದಿಂದ ಒಂದು ಪುಟ್ಟ ಮೂತಿ ಹುಳವನ್ನು ಹೂಗೊಂಚಲಿನ ಸಮೇತ ಕೊಯ್ದು ತಂದು ನಮ್ಮ ತೋಟದಲ್ಲಿ ಬಿಡುತ್ತಾರೆ. ಅಷ್ಟೇ. ಹುಳಕ್ಕೆ ದುಡ್ಡಿಲ್ಲ. ಗಾಡಿ ಖರ್ಚು, ಆಳಿನ ಕೂಲಿ ಅಂತ ತೆಗೆದುಕೊಳ್ಳುತ್ತಾರೆ. ನನ್ನ ಹತ್ತಿರ ಒಂದು ಸಲಕ್ಕೆ 1,500 ರೂಪಾಯಿ ತೆಗೆದುಕೊಂಡರು. ಕೆಲವು ಕಡೆ ಸಸಿ ಕೊಟ್ಟ ಕಂಪನಿಯವರೇ ಪುಕ್ಕಟೆ ಮಾಡಿಕೊಡುತ್ತಾರಂತೆ, ನಮ್ಮ ಪಾಲಿಗೆ ಅದು ಬರಲಿಲ್ಲ. ಇವರು ಯಾರು, ಯಾವ ಊರಿನವರು ಅನ್ನೋದು ಇಲ್ಲಿ ಬೇಡ. ಒಂದೇ ಗುಂಪಿನಲ್ಲಿ ಒಬ್ಬ ಕೆಲಸ ಗೊತ್ತಿಲ್ಲದವನು, ಒಬ್ಬ ಚೆನ್ನಾಗಿ ಗೊತ್ತಿದ್ದವನು ಇದ್ದರೆ ಹೆಸರು ಹಾಕಿ ಯಾರನ್ನು ಬೈಯ್ಯೋದು, ಯಾರನ್ನು ಹೊಗಳೋದು?

ಪಕ್ಕದ ಹೊಲದ ಕಾಕಾ ಭತ್ತದವರು. ಹುಳ ಬಂದ ದಿನ ಬದುವಿನ ಮೇಲೆ ನಿಂತು ನೋಡಿದರು. "ನಾವು ಹುಳ ಸಾಯ್ಸಾಕ ರೊಕ್ಕ ಕೊಡ್ತೀವಿ, ನೀ ಹುಳ ತರ್ಸಾಕ ರೊಕ್ಕ ಕೊಡಾಕತ್ತೀಯಲ್ಲೋ ತಮ್ಮಾ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ಅಂದರೆ ಭತ್ತ, ಭತ್ತ ಅಂದರೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯೋದು. ಹುಳ ಅಂದರೆ ಕೊಲ್ಲಬೇಕು ಅಂತಲೇ ನಾವೆಲ್ಲ ಬೆಳೆದಿದ್ದು.

ಈಗ ವಿಷಯಕ್ಕೆ ಬರೋಣ. ಈ ಹುಳ ಯಾಕೆ ಬೇಕು?

ತಾಳೆ ಮರದಲ್ಲಿ ಗಂಡು ಹೂವಿನ ಗೊಂಚಲು ಬೇರೆ, ಹೆಣ್ಣು ಹೂವಿನ ಗೊಂಚಲು ಬೇರೆ. ಎರಡೂ ಒಂದೇ ಮರದಲ್ಲೇ ಬರುತ್ತವೆ, ಆದರೆ ಒಟ್ಟಿಗೆ ಬರುವುದಿಲ್ಲ. ಸ್ವಲ್ಪ ಕಾಲ ಬರೀ ಗಂಡು, ಆಮೇಲೆ ಸ್ವಲ್ಪ ಕಾಲ ಬರೀ ಹೆಣ್ಣು. ಹಾಗಾಗಿ ಒಂದು ಮರದ ಹೆಣ್ಣು ಹೂ ಅರಳಿದಾಗ ಅದೇ ಮರದ ಪರಾಗ ಸಿಗುವುದು ಅಪರೂಪ. ಇನ್ನೊಂದು ಮರದಿಂದ ಬರಬೇಕು. ಹೆಣ್ಣು ಹೂ ಪರಾಗ ಹಿಡಿಯುವುದು ಎರಡು ಮೂರು ದಿನ ಮಾತ್ರ. ಆಮೇಲೆ ಬಂದರೂ ಒಂದೇ, ಬಾರದಿದ್ದರೂ ಒಂದೇ. ಗೊಂಚಲು ಗರಿಗಳ ಬುಡದಲ್ಲಿ ಮುಳ್ಳಿನ ನಡುವೆ ಒತ್ತಿಕೊಂಡು ಕೂತಿರುತ್ತದೆ, ಗಾಳಿ ಒಳಗೆ ನುಗ್ಗುವುದು ಅಷ್ಟರಲ್ಲೇ ಇದೆ. ಜೇನು ಗಂಡು ಹೂವಿಗೆ ಬಂದು ಪರಾಗ ಹೊತ್ತುಕೊಂಡು ಹೋಗುತ್ತದೆ, ಹೆಣ್ಣು ಹೂವಿನ ಕಡೆ ತಲೆ ಹಾಕುವುದಿಲ್ಲ. ಅಂದಮೇಲೆ ಈ ಹುಳವೇ ಗತಿ.

ಹುಳದ ಶಾಸ್ತ್ರೀಯ ಹೆಸರು ಎಲೈಡೋಬಿಯಸ್ ಕ್ಯಾಮರುನಿಕಸ್. ಉದ್ದ ಮೂರು ನಾಲ್ಕು ಮಿಲಿಮೀಟರ್, ಕಪ್ಪು ಕಂದು ಬಣ್ಣ. ಗಂಡಿನ ಬೆನ್ನ ಮೇಲೆ ಎರಡು ಚಿಕ್ಕ ಗುಬುಟು ಇರುತ್ತವೆ, ರೆಕ್ಕೆ ಕವಚದ ಮೇಲೆ ಕೂದಲು. ಹೆಣ್ಣು ಸ್ವಲ್ಪ ಚಿಕ್ಕದು, ಅದರ ಮೂತಿ ಗಂಡಿನ ಮೂತಿಗಿಂತ ಉದ್ದ. ಬರಿಗಣ್ಣಿಗೆ ಇಷ್ಟೆಲ್ಲ ಕಾಣುವುದಿಲ್ಲ, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಬೇಕು. ಅರಳಿದ ಗಂಡು ಗೊಂಚಲಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಾಣುತ್ತವೆ, ಸಾವಿರಗಟ್ಟಲೆ.

ಮೊದಲ ಸಲ ತರಿಸಿದ್ದು ಏಪ್ರಿಲ್‌ನಲ್ಲಿ. ನಮ್ಮ ಕಡೆ ಏಪ್ರಿಲ್ ಅಂದರೆ ಗೊತ್ತಲ್ಲ, 40 ಡಿಗ್ರಿ ದಾಟುವುದು ದೊಡ್ಡ ಸುದ್ದಿಯೇ ಅಲ್ಲ. ಬೆಳಿಗ್ಗೆ ಬರುತ್ತೇವೆ ಅಂದವರು ಬಂದಿದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಬೈಕಿನ ಹಿಂದೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ, ಬಾಯಿ ಬಿಗಿದು ಕಟ್ಟಿದ್ದು. ಬಿಚ್ಚಿ ನೋಡಿದರೆ ಒಳಗೆಲ್ಲ ಬೆವರಿದ ನೀರು, ಗೊಂಚಲು ಬೆಂದ ವಾಸನೆ, ತಳದಲ್ಲಿ ಸತ್ತ ಹುಳದ ರಾಶಿ. ಒಂದಷ್ಟು ಕಾಲು ಆಡಿಸುತ್ತಿದ್ದವು. ತಂದ ಹುಡುಗ "ಅಣ್ಣಾರ, ನೆಳ್ಳಾಗ ಇಟ್ರ ಎದ್ದು ಕುಂದರ್ತಾವ್ರಿ" ಅಂದ. ಏಳಲಿಲ್ಲ. ತೋಟದಲ್ಲಿ ಎಲ್ಲೋ ಎರಡು ಮರದ ಬುಡಕ್ಕೆ ಗೊಂಚಲು ಎಸೆದು, ಫೋಟೋ ತೆಗೆದುಕೊಂಡು, ದುಡ್ಡು ಇಸಿದುಕೊಂಡು ಹೋದರು. ಮತ್ತೆ ತಂದುಕೊಡಿ ಅಂದರೆ ಹಳೆ ತೋಟದವರು ಈಗ ಕೊಯ್ಯಲು ಬಿಡುತ್ತಿಲ್ಲ ಅಂದರು. ಇದಕ್ಕೆ ಒಂದು ಸ್ಟಾರ್ ಹೋಯಿತು.

ಇನ್ನೊಂದು ಸ್ಟಾರ್ ಹೋಗಿದ್ದು ಇದಕ್ಕಿಂತ ದೊಡ್ಡ ಕಾರಣಕ್ಕೆ. ಅದು ತಿಳಿಯಬೇಕಾದರೆ ಹುಳದ ಬಾಳು ಸ್ವಲ್ಪ ತಿಳಿದಿರಬೇಕು.

ಈ ಹುಳಕ್ಕೆ ಮನೆ, ಊಟ, ಬಾಣಂತನ ಎಲ್ಲಾ ಗಂಡು ಗೊಂಚಲೇ. ಗಂಡು ಗೊಂಚಲಿನಲ್ಲಿ ಬೆರಳಿನಷ್ಟು ದಪ್ಪದ ಕಡ್ಡಿಗಳು ನೂರಕ್ಕೂ ಜಾಸ್ತಿ ಇರುತ್ತವೆ, ಪ್ರತಿ ಕಡ್ಡಿಯ ಮೈತುಂಬ ನೂರಾರು ಸಣ್ಣ ಹೂಗಳು. ಅವು ಕಡ್ಡಿಯ ಬುಡದಿಂದ ತುದಿಯ ಕಡೆಗೆ ಮೂರು ನಾಲ್ಕು ದಿನದಲ್ಲಿ ಅರಳುತ್ತಾ ಹೋಗುತ್ತವೆ. ಅರಳಿದಾಗ ಬಡೇಸೋಪಿನ ವಾಸನೆ ಬರುತ್ತದೆ. ಸುಮ್ನೆ ಹೇಳುತ್ತಿಲ್ಲ, ಬೆಳಿಗ್ಗೆ ತೋಟದೊಳಗೆ ಹೋದರೆ ಯಾವ ಮರದಲ್ಲಿ ಗಂಡು ಗೊಂಚಲು ಅರಳಿದೆ ಅಂತ ಮೂಗಿಗೇ ಗೊತ್ತಾಗುತ್ತದೆ. ಆ ವಾಸನೆ ಎಸ್ಟ್ರಾಗೋಲ್ ಎಂಬ ಪದಾರ್ಥದ್ದು. ಹುಳ ದೂರದಿಂದ ಹುಡುಕಿಕೊಂಡು ಬರುವುದು ಇದನ್ನೇ. ಬಂದು ಹೂವಿನ ಭಾಗಗಳನ್ನು ಕಡಿದು ತಿನ್ನುತ್ತದೆ, ಅಲ್ಲೇ ಜೋಡಿಯಾಗುತ್ತದೆ, ಹೆಣ್ಣು ಹುಳ ಹೂವಿನೊಳಗೆ ತೂತು ಮಾಡಿ ಮೊಟ್ಟೆ ಇಡುತ್ತದೆ. ಇಷ್ಟರಲ್ಲಿ ಮೈತುಂಬ ಪರಾಗ ಮೆತ್ತಿಕೊಂಡಿರುತ್ತದೆ.

ಇಲ್ಲಿ ಮರ ಒಂದು ಆಟ ಆಡುತ್ತದೆ. ಹೆಣ್ಣು ಗೊಂಚಲು ಅರಳಿದಾಗ ಅದೂ ಇದೇ ಬಡೇಸೋಪಿನ ವಾಸನೆ ಬಿಡುತ್ತದೆ. ಹುಳ ಗಂಡು ಹೂವೇ ಇರಬೇಕು ಅಂತ ಅಲ್ಲಿಗೆ ಹೋಗುತ್ತದೆ. ಅಲ್ಲಿ ತಿನ್ನಲು ಏನೂ ಇಲ್ಲ, ಮೊಟ್ಟೆ ಇಡಲೂ ಜಾಗ ಇಲ್ಲ. ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿ ವಾಪಸ್ಸು ಹಾರುತ್ತದೆ. ಆ ಓಡಾಟದಲ್ಲೇ ಮೈಮೇಲಿನ ಪರಾಗ ಹೆಣ್ಣು ಹೂವಿಗೆ ಸೇರಿ ನಮ್ಮ ಕೆಲಸ ಆಗಿಬಿಡುತ್ತದೆ. ಪಾಪ, ಹುಳಕ್ಕೆ ಇದರಿಂದ ಒಂದು ಪೈಸೆಯ ಲಾಭ ಇಲ್ಲ. ನಮ್ಮ ಗೊನೆಯ ತೂಕವೆಲ್ಲ ಈ ಒಂದು ಮೋಸದ ಮೇಲೆ ನಿಂತಿದೆ, ಅಲ್ವಾ!

ಮೊಟ್ಟೆ ಒಡೆದು ಬಂದ ಬಿಳಿ ಮರಿಹುಳ ತಿನ್ನುವುದು ಅರಳಿ ಮುಗಿದ ಗಂಡು ಹೂವನ್ನು. ದೊಡ್ಡದಾಗುತ್ತಾ ಒಂದು ಹೂ ಮುಗಿಸಿ ಪಕ್ಕದ್ದಕ್ಕೆ ಹೋಗುತ್ತದೆ, ಅಲ್ಲೇ ಕೋಶ ಕಟ್ಟುತ್ತದೆ, ಅಲ್ಲೇ ರೆಕ್ಕೆ ಬಂದ ಹುಳವಾಗಿ ಹೊರಬೀಳುತ್ತದೆ. ಮೊಟ್ಟೆಯಿಂದ ದೊಡ್ಡ ಹುಳ ಆಗುವವರೆಗೆ ಹೆಚ್ಚು ಕಡಿಮೆ ಎರಡು ವಾರ ಸಾಕು, ಬಿಸಿ ಹವಾಮಾನದಲ್ಲಿ 11ರಿಂದ 13 ದಿನ. ಅಷ್ಟು ದಿನವೂ ಆ ಗೊಂಚಲು ನಮ್ಮ ಕಣ್ಣಿಗೆ ಕಪ್ಪಗಾಗಿ, ಒಣಗಿ, ಬೂಸ್ಟು ಹಿಡಿದು, ಕೆಲಸಕ್ಕೆ ಬಾರದ ಕಸ. ಹುಳದ ಮುಂದಿನ ಸಂತತಿ ಪೂರ್ತಿ ಆ ಕಸದೊಳಗೇ ಇರುತ್ತದೆ.

ಗರಿ ಕತ್ತರಿಸುವ ಆಳುಗಳು ಏನು ಮಾಡುತ್ತಾರೆ? ತೋಟ ಚೊಕ್ಕ ಆಗಲಿ ಅಂತ ಕಪ್ಪಾದ ಗಂಡು ಗೊಂಚಲನ್ನೆಲ್ಲ ಉಳಿ ಹಾಕಿ ತೆಗೆದು ಸಾಲಿನಲ್ಲಿ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ. ನೋಡಲು ತೋಟ ಲಕಲಕ. ಹುಳದ ಮರಿಗಳೆಲ್ಲ ಬೂದಿ. ನಾನು ಸುತ್ತಮುತ್ತ ನೋಡಿದ ತೋಟಗಳಲ್ಲಿ ಇದನ್ನು ಮಾಡುವವರೇ ಜಾಸ್ತಿ, ಹುಳ ತಂದುಕೊಡುವವರು ಒಬ್ಬರಿಗೂ ಇದನ್ನು ಹೇಳುವುದಿಲ್ಲ. ಇನ್ನೊಂದು ಸ್ಟಾರ್ ಹೋಗಿದ್ದು ಇಲ್ಲಿ.

ಇನ್ನೂ ಒಂದಿದೆ. ಎಳೆ ತೋಟದಲ್ಲಿ ಮೊದಲ ವರ್ಷಗಳಲ್ಲಿ ಹೆಣ್ಣು ಗೊಂಚಲೇ ಜಾಸ್ತಿ, ಗಂಡು ಕಡಿಮೆ. ರೈತರಿಗೆ ಇದು ಖುಷಿ, ಹೆಣ್ಣು ಅಂದರೆ ಗೊನೆ ತಾನೇ. ಆದರೆ ಗಂಡು ಗೊಂಚಲೇ ಇಲ್ಲದ ತೋಟಕ್ಕೆ ಹುಳ ಬಿಟ್ಟರೆ ಅದು ಎಲ್ಲಿ ಇರಬೇಕು? ಒಂದೆರಡು ದಿನ ಅಲ್ಲಿ ಇಲ್ಲಿ ಸುತ್ತಿ, ಮೊಟ್ಟೆ ಇಡಲು ಜಾಗ ಸಿಗದೆ, ಇರುವೆಯ ಬಾಯಿಗೆ, ಜೇಡದ ಬಲೆಗೆ ಬಿದ್ದು ಮುಗಿಯುತ್ತದೆ. ಅದಕ್ಕೇ ಹುಳ ತರುವವರು ಮೊದಲು ಒಂದು ದಿನ ಬಂದು ತೋಟ ಸುತ್ತಿ, ಗಂಡು ಗೊಂಚಲು ಎಷ್ಟು ಮರದಲ್ಲಿ ಇದೆ, ಯಾವ ಹಂತದಲ್ಲಿದೆ ಅಂತ ನೋಡಬೇಕು. ಹಾಗೆ ನೋಡದೆ ಹುಳ ತಂದು ಸುರಿದರೆ ಅದು ಹುಳದ ಸಾಗಾಟ ಅಷ್ಟೇ. ನಾನು ಈ ಇಡೀ ರಿವ್ಯೂ ಬರೆಯುತ್ತಿರುವುದು ಈ ಒಂದು ಮಾತಿಗಾಗಿ.

ಮೊದಲ ಎರಡು ಎರಡೂವರೆ ವರ್ಷ ಬರುವ ಹೂವನ್ನೆಲ್ಲ ಕಿತ್ತು ಹಾಕಿ ಅನ್ನುವುದು ಇಲಾಖೆಯವರ ಸಲಹೆ. ಮರದ ಶಕ್ತಿ ಬೇರಿಗೆ, ಕಾಂಡಕ್ಕೆ ಹೋಗಲಿ ಅಂತ. ಅದು ಸರಿ. ಹುಳ ಬಿಡುವುದು ಆ ಕೀಳುವ ಕೆಲಸ ನಿಲ್ಲಿಸಿದ ಮೇಲೆ. ಕೀಳುತ್ತಲೇ ಇರುವ ತೋಟಕ್ಕೂ ಹುಳ ತಂದುಕೊಟ್ಟು ದುಡ್ಡು ತೆಗೆದುಕೊಂಡಿದ್ದನ್ನು ಸಿರುಗುಪ್ಪ ಕಡೆಯ ಪರಿಚಯದವರೊಬ್ಬರು ಹೇಳಿದರು. ಅವರ ತೋಟದಲ್ಲಿ ಹುಳ ಯಾವುದನ್ನು ಮುಟ್ಟಬೇಕಿತ್ತೋ!

ಎರಡನೇ ಸಲ ತರಿಸಿದ್ದು ಮಳೆ ಹಿಡಿದ ಮೇಲೆ, ಜುಲೈನಲ್ಲಿ. ಬಂದವನು ಬೇರೆ ಹುಡುಗ, ಗಂಗಾವತಿ ಕಡೆಯವನು. ಕೆಲಸ ಗೊತ್ತಿದ್ದವನು. ಹಿಂದಿನ ದಿನವೇ ಬಂದು ತೋಟ ಸುತ್ತಿದ. ಗಂಡು ಗೊಂಚಲು ಇರುವ ಮರಗಳಿಗೆ ಸುಣ್ಣದಿಂದ ಗುರುತು ಹಾಕಿದ. ಮರುದಿನ ಬಿಸಿಲೇರುವ ಮೊದಲೇ ಬಂದ. ಗೊಂಚಲನ್ನು ಹತ್ತಿ ಬಟ್ಟೆಯ ಚೀಲದಲ್ಲಿ ಸಡಿಲವಾಗಿ ತಂದಿದ್ದ, ಗಾಳಿ ಆಡುವ ಹಾಗೆ. ಗೊಂಚಲನ್ನು ಬುಡಕ್ಕೆ ಎಸೆಯಲಿಲ್ಲ. ಕಡ್ಡಿ ಕಡ್ಡಿ ಬಿಡಿಸಿ, ಗುರುತು ಮಾಡಿದ ಒಂದೊಂದು ಮರದಲ್ಲೂ ಅರಳಿದ ಗಂಡು ಗೊಂಚಲಿನ ಪಕ್ಕ ಗರಿಯ ಬುಡದ ನೆರಳಿನಲ್ಲಿ ಸಿಕ್ಕಿಸುತ್ತಾ ಹೋದ. "ಅಣ್ಣಾರ, ಈ ಕಪ್ಪ ಗೊಂಚಲ ಯಾರೂ ಮುಟ್ಟಬಾರದ್ರಿ, ಮರಿ ಇರ್ತಾವು" ಅಂತ ನಮ್ಮ ಆಳಿಗೂ ಹೇಳಿದ. ಅವನಿಗೆ ಮಾತ್ರ ರಿವ್ಯೂ ಆಗಿದ್ದರೆ ಐದು ಸ್ಟಾರ್.

ಹುಳ ಹಾರುವುದನ್ನು ನೋಡಬೇಕು ಅಂದರೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ ಹೋಗಿ. ಮಳೆ ಹನಿಯುತ್ತಿದ್ದರೆ ಹೋಗಬೇಡಿ, ಎಲ್ಲಾ ಗೊಂಚಲೊಳಗೆ ಅಡಗಿ ಕೂತಿರುತ್ತವೆ. ಹೆಣ್ಣು ಗೊಂಚಲು ಪರಾಗ ಹಿಡಿಯುವಾಗ ಕೆನೆ ಬಣ್ಣ ಇರುತ್ತದೆ, ಆಮೇಲೆ ಕೆಂಪು ನೇರಳೆಗೆ ತಿರುಗಿ ಕಪ್ಪಾಗುತ್ತದೆ. ಕೆನೆ ಬಣ್ಣದ್ದರ ಮೇಲೆ ಒಂದಷ್ಟು ಹೊತ್ತು ಕಣ್ಣಿಟ್ಟರೆ ಹುಳ ಬಂದು, ಗಡಿಬಿಡಿಯಲ್ಲಿ ತಿರುಗಾಡಿ, ಹೋಗುವುದು ಕಾಣುತ್ತದೆ. ಗಂಡು ಗೊಂಚಲಿನ ಮೇಲಿನ ಸಂತೆ ಇಲ್ಲಿ ಕಾಣುವುದಿಲ್ಲ. ಅದನ್ನು ನೋಡಿ ಹುಳ ಕಮ್ಮಿ ಇದೆ ಅಂತ ಗಾಬರಿ ಆಗಬೇಡಿ, ಹೆಣ್ಣಿನ ಹತ್ತಿರ ಅದು ಉಳಿಯುವುದೇ ಇಲ್ಲ.

ಫಲಿತಾಂಶ ಕಾಣಲು ತಾಳ್ಮೆ ಬೇಕು. ಪರಾಗ ಬಿದ್ದ ಮೇಲೆ ಗೊನೆ ಹಣ್ಣಾಗಲು ಐದಾರು ತಿಂಗಳು. ಜುಲೈನ ಹುಳದ ಕೆಲಸ ಕಂಡಿದ್ದು ಸಂಕ್ರಾಂತಿ ಹತ್ತಿರ. ಅದಕ್ಕೆ ಮೊದಲಿನ ಗೊನೆಗಳಲ್ಲಿ ಹೊರಗಡೆ ನಾಲ್ಕು ಹಣ್ಣು, ಒಳಗೆ ಬರೀ ಮುಳ್ಳು ಮತ್ತು ಬೀಜವಿಲ್ಲದ ಪುಟಾಣಿ ಕಾಯಿ. ಕೆಲವು ಗೊನೆ ಹಣ್ಣಾಗುವ ಮೊದಲೇ ಕೊಳೆತು ಹೋಗುತ್ತಿದ್ದವು. ಕಲೆಕ್ಷನ್ ಸೆಂಟರ್‌ನಲ್ಲಿ ಅಂಥವನ್ನು ಪಕ್ಕಕ್ಕೆ ತಳ್ಳುತ್ತಾರೆ, ತೂಕಕ್ಕೇ ಹಾಕುವುದಿಲ್ಲ. ಜನವರಿಯ ಗೊನೆಗಳು ಒಳಗಿನವರೆಗೂ ಒತ್ತೊತ್ತಾಗಿ ತುಂಬಿದ್ದವು. ಕೊಯ್ಯುವ ಆಳು ಎತ್ತುವಾಗಲೇ ವ್ಯತ್ಯಾಸ ಹೇಳಿದ. ಪೂರ್ತಿ ಹುಳದ್ದೇ ಪುಣ್ಯ ಅಂತ ನಾನು ಹೇಳುವುದಿಲ್ಲ, ಮಳೆ ಬಂದಿತ್ತು, ಬೋರಾನ್ ಗೊಬ್ಬರ ಕೊಟ್ಟಿದ್ದೆ, ಮರಕ್ಕೂ ಒಂದು ವರ್ಷ ವಯಸ್ಸು ಜಾಸ್ತಿ ಆಗಿತ್ತು. ಆದರೆ ಒಳಗಿನ ಹಣ್ಣು ತುಂಬುವುದು ಪರಾಗದ ಕೆಲಸ, ಗೊಬ್ಬರದ್ದಲ್ಲ.

ಈ ಹುಳದ ಹಿಂದಿನ ಕಥೆ ನನಗೆ ತುಂಬಾ ಇಷ್ಟ. ಎಣ್ಣೆ ತಾಳೆ ಪಶ್ಚಿಮ ಆಫ್ರಿಕಾದ ಮರ. 1848ರಲ್ಲಿ ಜಾವಾದ ಬೋಗೋರ್ ಸಸ್ಯತೋಟಕ್ಕೆ ನಾಲ್ಕು ಸಸಿ ಬಂದವು, ಆಮೇಲೆ ಆ ಕಡೆ ಎದ್ದ ದೊಡ್ಡ ದೊಡ್ಡ ತೋಟಗಳಿಗೆ ಅವುಗಳ ಸಂತತಿಯೇ ಬುನಾದಿ. ಮರ ಸಮುದ್ರ ದಾಟಿತು, ಹುಳ ಆಫ್ರಿಕಾದಲ್ಲೇ ಉಳಿಯಿತು. ಅದು ಬೇಕು ಅಂತ ಯಾರಿಗೂ ಗೊತ್ತೇ ಇರಲಿಲ್ಲ, ಯಾಕೆಂದರೆ ತಾಳೆಗೆ ಗಾಳಿಯಿಂದಲೇ ಪರಾಗ ಸೇರುತ್ತದೆ ಅಂತ ತಿಳಿದವರೆಲ್ಲ ನಂಬಿದ್ದರು. ಮಲೇಶಿಯಾದಲ್ಲಿ ಕಾಯಿ ಸರಿಯಾಗಿ ಕಚ್ಚುತ್ತಿರಲಿಲ್ಲ ಅಂತ ಕೂಲಿಯವರನ್ನು ಇಟ್ಟು, ಪರಾಗವನ್ನು ಪೌಡರಿನಲ್ಲಿ ಕಲಸಿ, ಒಂದೊಂದು ಹೆಣ್ಣು ಗೊಂಚಲಿಗೂ ಊದಿಸುತ್ತಿದ್ದರು. ಯೂನಿಲಿವರ್ ತೋಟಗಳಲ್ಲಿದ್ದ ಲೆಸ್ಲಿ ಡೇವಿಡ್ಸನ್ ಕ್ಯಾಮರೂನ್‌ನಲ್ಲೂ ಕೆಲಸ ಮಾಡಿದ್ದರು. ಅಲ್ಲಿ ಯಾರೂ ಊದದೆ ಗೊನೆ ತುಂಬುವುದನ್ನು ನೋಡಿದ್ದ ಅವರಿಗೆ ಇದೆಲ್ಲ ಗಾಳಿಯ ಕೆಲಸ ಅಲ್ಲ ಅನ್ನುವ ಅನುಮಾನ ಇತ್ತು. ಆರ್. ಎ. ಸೈಯದ್ ಎಂಬ ಕೀಟಶಾಸ್ತ್ರಜ್ಞರು 1970ರ ದಶಕದ ಕೊನೆಗೆ ಕ್ಯಾಮರೂನ್‌ಗೆ ಹೋಗಿ, ಕೆಲಸ ಮಾಡುವುದು ಈ ಹುಳಗಳು ಅಂತ ತೋರಿಸಿಕೊಟ್ಟರು. ಬೇರೆ ಬೆಳೆ ತಿನ್ನುತ್ತದೆಯಾ ಅಂತ ಪರೀಕ್ಷೆ ಮಾಡಿ, 1981ರಲ್ಲಿ ಮಲೇಶಿಯಾದಲ್ಲಿ ಬಿಟ್ಟರು. ಸ್ವಲ್ಪ ಕಾಲದಲ್ಲೇ ಹುಳ ದೇಶ ತುಂಬಿತು, ಊದುವ ಕೆಲಸ ನಿಂತಿತು. ನಮ್ಮ ದೇಶಕ್ಕೆ 1985ರಲ್ಲಿ ಬಂತು, ಮೊದಲು ಕೇರಳದ ತೋಟಗಳಿಗೆ. ಇವತ್ತು ನಮ್ಮ ತೋಟದಲ್ಲಿ ಓಡಾಡುವ ಹುಳವೂ ಹೊರಗಿನಿಂದ ಬಂದ ಅದೇ ಜಾತಿ.

ಹೊರಗಿನ ಹುಳ ಅಂದ ಕೂಡಲೇ ಹೆದರುವವರಿದ್ದಾರೆ, ಹೆದರುವುದು ಒಳ್ಳೆಯದೇ. ಪಾರ್ಥೇನಿಯಂ ನೋಡಿದ ಮೇಲೂ ಹೆದರದಿದ್ದರೆ ಹೇಗೆ? ಆದರೆ ಈ ಹುಳದ ಮರಿ ಬೆಳೆಯುವುದು ಎಣ್ಣೆ ತಾಳೆಯ ಗಂಡು ಹೂವಿನಲ್ಲಿ. ಭತ್ತ, ತೆಂಗು, ದಾಳಿಂಬೆ ಅದಕ್ಕೆ ಬೇಡ. ತಾಳೆ ಇಲ್ಲದ ಕಡೆ ಅದಕ್ಕೆ ಬಾಳೇ ಇಲ್ಲ. ನಮ್ಮ ಊರಲ್ಲಿ ತೆಂಗಿನವರೊಬ್ಬರು "ನಿನ್ನ ಮೂತಿ ಹುಳ ನನ್ನ ತೆಂಗಿಗೆ ಬಂತು" ಅಂತ ಜಗಳಕ್ಕೇ ಬಂದಿದ್ದರು. ಅವರು ತೋರಿಸಿದ್ದು ಕೆಂಪು ಮೂತಿ ಹುಳ, ಹೆಬ್ಬೆರಳಿನಷ್ಟು ದೊಡ್ಡದು, ಕಾಂಡ ಕೊರೆದು ಮರ ಬೀಳಿಸುವ ಜಾತಿ. ಅದು ಬೇರೆ, ಇದು ಬೇರೆ. ಎರಡಕ್ಕೂ ಮೂತಿ ಉದ್ದ ಅನ್ನೋದು ಬಿಟ್ಟರೆ ಸಂಬಂಧ ಇಲ್ಲ. ಅವರು ಒಪ್ಪಿದರೋ ಇಲ್ಲವೋ, ಜಗಳ ಮಾತ್ರ ಚಹಾದ ಹೊತ್ತಿಗೆ ಮುಗಿಯಿತು.

ಹುಳಕ್ಕೆ ವೈರಿಗಳೂ ಕಡಿಮೆ ಇಲ್ಲ. ಇರುವೆ, ಜೇಡ, ಹಲ್ಲಿ, ಓತಿಕ್ಯಾತ ಎಲ್ಲಕ್ಕೂ ಇದು ಊಟ. ಮಲೇಶಿಯಾದಲ್ಲಿ ಇಲಿಗಳು ಗಂಡು ಗೊಂಚಲು ಹರಿದು ಒಳಗಿನ ಮರಿಹುಳ ತಿನ್ನುತ್ತವೆ. ಭತ್ತದ ನಾಡಿನಲ್ಲಿ ಇಲಿಗೇನು ಬರವಾ, ಅದಕ್ಕೆ ನಾನಂತೂ ಹರಿದ ಗೊಂಚಲು ಕಂಡರೆ ಬಗ್ಗಿ ನೋಡುತ್ತೇನೆ. ಹೀಗೆ ಒಂದಷ್ಟು ಹೋದರೂ ತೊಂದರೆ ಇಲ್ಲ, ಎರಡು ವಾರಕ್ಕೊಂದು ತಲೆಮಾರು ಬರುವ ಹುಳ ಅದು, ತುಂಬಿಕೊಳ್ಳುತ್ತದೆ. ಇರುವೆ ಹಲ್ಲಿಗಳೂ ತೋಟದಲ್ಲಿ ಬದುಕಬೇಕಲ್ಲ. ಒಣಗಿದ ಗಂಡು ಗೊಂಚಲನ್ನು ತಿಂದು ಪುಡಿ ಮಾಡಿ ಬುಡದ ಮಣ್ಣಿಗೆ ಸೇರಿಸುವುದೂ ಇದೇ ಮರಿಗಳ ಇನ್ನೊಂದು ಕೆಲಸ. ಅದಕ್ಕೆ ಯಾರೂ ಕೂಲಿ ಕೇಳುವುದಿಲ್ಲ.

ನಿಜವಾದ ತೊಂದರೆ ಪಕ್ಕದ ಭತ್ತ. ಈಗ ಡ್ರೋನ್ ಬಂದಿದೆ, ಗಾಳಿ ನಮ್ಮ ಕಡೆ ಇದ್ದರೆ ಎಣ್ಣೆ ನಮ್ಮ ಮರದ ಮೇಲೂ ಬೀಳುತ್ತದೆ. ಕಾಕಾನ ಹತ್ತಿರ ಕೂತು ಮಾತಾಡಿದೆ. ಹುಳ ಹಾರುವ ಹೊತ್ತು ಬಿಟ್ಟು ಸಂಜೆ ಹೊಡೆಸುತ್ತೇನೆ, ಗಾಳಿ ನೋಡಿಕೊಳ್ಳುತ್ತೇನೆ ಅಂದರು. ಮಾತಿನಂತೆ ನಡೆದುಕೊಂಡಿದ್ದಾರೆ, ದೊಡ್ಡ ಮನಸ್ಸು. ನಮ್ಮ ತೋಟದಲ್ಲೂ ಸುಳಿ ಕೊರೆಯುವ ಕೊಂಬಿನ ದುಂಬಿ ಬಂದರೆ ಇಡೀ ಮರಕ್ಕೆ ಪಂಪ್ ಹಿಡಿಯುವ ಅಭ್ಯಾಸ ಬಿಡಬೇಕಾಯಿತು. ಕೊಕ್ಕೆ ಹಾಕಿ ತೆಗೆಯುತ್ತೇವೆ, ದುಂಬಿಯನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಿದ್ದೇವೆ. ಕೆಲಸ ಜಾಸ್ತಿ, ಆದರೆ ಹೂವಿನ ಮೇಲೆ ವಿಷ ಬೀಳುವುದಿಲ್ಲ.

ನೀರಿನ ಮಾತೂ ಇಲ್ಲಿಗೆ ಸೇರುತ್ತದೆ, ಹುಳದವರು ಇದನ್ನೂ ಹೇಳುವುದಿಲ್ಲ. ಹುಟ್ಟುವ ಗೊಂಚಲು ಗಂಡೋ ಹೆಣ್ಣೋ ಅನ್ನುವುದು ಅದು ಅರಳುವುದಕ್ಕೆ ಒಂದೂವರೆ ಎರಡು ವರ್ಷ ಮೊದಲೇ ಸುಳಿಯೊಳಗೆ ತೀರ್ಮಾನ ಆಗಿರುತ್ತದೆ. ಆಗ ಮರಕ್ಕೆ ನೀರು ಕಡಿಮೆ ಬಿದ್ದರೆ ಗಂಡೇ ಜಾಸ್ತಿ ಬರುತ್ತದೆ. ಬೇಸಿಗೆಯಲ್ಲಿ ಒಂದು ದೊಡ್ಡ ಮರ ದಿನಕ್ಕೆ 200 ಲೀಟರಿಗೂ ಜಾಸ್ತಿ ನೀರು ಕೇಳುತ್ತದೆ, ಎಕರೆಗೆ 57 ಮರ, ಲೆಕ್ಕ ನೀವೇ ಹಾಕಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಕಾಲುವೆ ನಂಬಿದವರೆಲ್ಲ ಎದೆ ಹಿಡಿದುಕೊಂಡು ಕೂತಿದ್ದು ಸುಮ್ನೆ ಅಲ್ಲ. ಗಂಡು ಜಾಸ್ತಿ ಆದರೆ ಹುಳಕ್ಕೆ ಹಬ್ಬ, ನಮಗೆ ಗೊನೆ ಇಲ್ಲ. ಹೆಣ್ಣೇ ಜಾಸ್ತಿ ಆದರೆ ಹುಳ ಇಲ್ಲ, ಗೊನೆ ಟೊಳ್ಳು. ಎರಡರ ಮಧ್ಯೆ ಎಲ್ಲೋ ನಿಲ್ಲಬೇಕು. 2021ರಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಯ ತಾಳೆ ಮಿಷನ್ ಘೋಷಿಸಿದಾಗ ಸಸಿ ಎಷ್ಟು, ಎಕರೆ ಎಷ್ಟು, ಸಬ್ಸಿಡಿ ಎಷ್ಟು ಅಂತ ಎಲ್ಲರೂ ಮಾತಾಡಿದರು. ಹುಳದ ಮಾತು ನಮ್ಮ ಕಡೆಯ ಯಾವ ಸಭೆಯಲ್ಲೂ ನನ್ನ ಕಿವಿಗೆ ಬೀಳಲಿಲ್ಲ. ಗಂಗಾವತಿಯಲ್ಲೇ ತಾಳೆ ಮೇಲೆ ಸಂಶೋಧನೆ ನಡೆಯುತ್ತದೆ, ಆಂಧ್ರದ ಪೆದವೇಗಿಯಲ್ಲಿ ತಾಳೆಗೇ ಅಂತ ರಾಷ್ಟ್ರೀಯ ಸಂಸ್ಥೆ ಇದೆ. ಹೊಸದಾಗಿ ಹಾಕುವವರು ಅಂಥ ಕಡೆ ಒಂದು ಸಲ ಹೋಗಿ ಹೂವಿನ ವಿಷಯ ಕೇಳಿಕೊಂಡು ಬರುವುದು ಒಳ್ಳೆಯದು.

ಹಾಗಾದರೆ ಈ ಸರ್ವಿಸ್ ಯಾರಿಗೆ? ಸುತ್ತ ಎಲ್ಲೂ ಹಳೆ ತಾಳೆ ತೋಟ ಇಲ್ಲದೆ ಒಂಟಿಯಾಗಿ ಹಾಕಿದವರಿಗೆ ಬೇಕೇ ಬೇಕು, ಇಲ್ಲದಿದ್ದರೆ ಊದುವ ಕೂಲಿಗೆ ಇದರ ಹತ್ತರಷ್ಟು ಹೋಗುತ್ತದೆ. ಬದುವಿನ ಆಚೆಗೇ ಫಸಲಿನ ತೋಟ ಇದ್ದರೆ ದುಡ್ಡು ಕೊಡಬೇಡಿ, ಗಂಡು ಗೊಂಚಲು ಅರಳಿದರೆ ವಾಸನೆಗೆ ಹುಳ ತಾನೇ ಬರುತ್ತದೆ, ಅಷ್ಟು ದೂರ ಹಾರುವ ಶಕ್ತಿ ಅದಕ್ಕಿದೆ. ತರಿಸುವುದೇ ಆದರೆ ಮುಂಗಡ ಕೊಡಬೇಡಿ. ಫೋನಿನಲ್ಲೇ ಕೇಳಿ: ಮೊದಲು ಬಂದು ಗಂಡು ಗೊಂಚಲು ನೋಡುತ್ತೀರಾ, ಎಷ್ಟು ಹೊತ್ತಿಗೆ ಕೊಯ್ಯುತ್ತೀರಿ, ಯಾವ ಚೀಲದಲ್ಲಿ ತರುತ್ತೀರಿ, ಕೊಯ್ಯುವ ತೋಟದಲ್ಲಿ ರೋಗ ಇಲ್ಲ ತಾನೇ. ನಾಲ್ಕಕ್ಕೂ ನೆಟ್ಟಗೆ ಉತ್ತರ ಬಂದರೆ ಕರೆಸಿ. ಮಾರ್ಚ್, ಏಪ್ರಿಲ್, ಮೇ ಬೇಡ.

ನನಗಂತೂ ಇನ್ನು ತರಿಸುವ ಅಗತ್ಯ ಇಲ್ಲ, ತೋಟದಲ್ಲಿ ಹುಳ ನಿಂತಿದೆ. ಈಚೆಗೆ ಸುತ್ತಲಿನ ಹೊಸ ತೋಟದವರು ನನ್ನ ಹತ್ತಿರವೇ ಗೊಂಚಲು ಕೇಳಿಕೊಂಡು ಬರುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಬಟ್ಟೆ ಚೀಲ ತಂದಿರಬೇಕು, ಬೆಳಿಗ್ಗೆ ಏಳರೊಳಗೆ ಬಂದಿರಬೇಕು, ಕಪ್ಪಾದ ಗೊಂಚಲಿಗೆ ಕೈ ಹಾಕಬಾರದು. ಮಧ್ಯಾಹ್ನ ಬೈಕಿನಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಬಂದವರಿಗೆ ಚಹಾ ಕುಡಿಸಿ ಕಳಿಸುತ್ತೇನೆ, ಹುಳ ಕೊಡುವುದಿಲ್ಲ.